ಟಾವೆಲ್ಲಿನ ಕೆಳಗಿನ ಎಂಟು ಅಂಕ

ಶಮ್ಶುನ್ನೀಸಾಳನ್ನು ಮೊದಲ ಸಲ ನೋಡಿದವರು ಕಡಿಮೆ ದರಕ್ಕೇ ಹಿಡಿಯುತ್ತಾರೆ. ಎತ್ತರ ಐದಡಿಗೆ ಎರಡು ಬೆರಳು ಕಮ್ಮಿ. ತೂಕ ಅರ್ಧ ಕ್ವಿಂಟಲ್ ಮುಟ್ಟುವುದಿಲ್ಲ. ಮೇಲಿನ ಕಟ್ಟು ಸಾದಾ: ತೆಳು ಬಣ್ಣದ ವಾಯಿಲ್ ಸೀರೆ, ತಲೆಯ ಮೇಲೆ ಸೆರಗು, ಒಂದು ಕಡ್ಡಿಗೆ ಬಿಳಿ ದಾರ ಸುತ್ತಿದ ಚಷ್ಮಾ. ವಯಸ್ಸು ನಲವತ್ತಾರು ಅಂತ ಸರ್ವಿಸ್ ಪುಸ್ತಕ ಹೇಳುತ್ತಿತ್ತು. ಕಣ್ಣಳತೆಗೆ ಇನ್ನೂ ನಾಲ್ಕು ವರ್ಷ ಹೆಚ್ಚೇ ಕಾಣುತ್ತಿತ್ತು. ಗುಣದ ಮಾತು ಬೇರೆ. ಮೆಣಸಿನಕಾಯಿ ವ್ಯಾಪಾರ ಮಾಡಿದವರಿಗೆ ಅದು ಬೇಗ ತಿಳಿಯುತ್ತದೆ. ಕೆಲವು ಕಾಯಿಗೆ ಬಣ್ಣವೇ ಬಣ್ಣ, ಬಾಯಿಗಿಟ್ಟರೆ ಏನೂ ಇಲ್ಲ. ಈಕೆಯದು ಉಲ್ಟಾ. ಬಣ್ಣವೇ ಇಲ್ಲ, ಬೀಜದ ತನಕ ಖಾರ.

ಆ ಖಾರ ಕೂಗಾಟದಲ್ಲಿ ಇರಲಿಲ್ಲ. ಸಿಟ್ಟು ಏರಿದಷ್ಟೂ ಆಕೆಯ ದನಿ ಇಳಿಯುತ್ತಿತ್ತು, ಮಾತಿಗೆ ‘ರಿ’ ಹೆಚ್ಚಾಗುತ್ತಿತ್ತು. "ಇದರಾಗ ಸಹಿ ಇಲ್ರಿ ಸರ್ರ, ನೀವ ಮಾಡಬೇಕಿತ್ರಿ, ಮಾಡಿಲ್ರಿ" ಅಂತ ಆಕೆ ಒಂದೇ ಉಸಿರಿಗೆ ಮೂರು ‘ರಿ’ ಹಾಕಿದಳೆಂದರೆ, ಎದುರಿಗಿದ್ದವ ಪ್ರಿನ್ಸಿಪಾಲನಾದರೂ ಪೆನ್ನು ಹುಡುಕಬೇಕು. ಇಂಡಿ ಊರಿನ ಒಂದು ಪದವಿ ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ಆಕೆ ಹೆಡ್ ಕ್ಲಾರ್ಕ್. ದನದ ದಲಾಲ ಕುತುಬುದ್ದೀನನ ಮಗಳು. ಬಿ.ಕಾಂ. ಮುಗಿಸಿ, ಇಪ್ಪತ್ತೆರಡು ವರ್ಷದಿಂದ ಅದೇ ಕಿಟಕಿಯ ಹಿಂದೆ ಕೂತವಳು. ಎಲ್ಲರೂ ಮರ್ಯಾದೆಯಿಂದ ‘ಬಾಯಾರ’ ಅನ್ನುತ್ತಿದ್ದರು.

ವಿಶ್ವವಿದ್ಯಾಲಯಕ್ಕೆ ತೊಂಬತ್ತರ ದಶಕದ ಕೊನೆಗೆ ಒಂದು ಬುದ್ಧಿ ಬಂದಿತ್ತು. ಪಾಠ ಹೇಳುವ ಕೆಲಸ ಬೇರೆ, ಉತ್ತರ ಪತ್ರಿಕೆ ತಿದ್ದುವ ಕೆಲಸ ಬೇರೆ, ತಿದ್ದುವವರಿಗೂ ಕಲಿಸಬೇಕು ಎಂಬ ಬುದ್ಧಿ. ಒಳ್ಳೆಯ ಬುದ್ಧಿಯೇ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕಿನ ಅರ್ಥಶಾಸ್ತ್ರದ ಪರೀಕ್ಷಕರಿಗೆ ವರ್ಷಕ್ಕೊಮ್ಮೆ ಎರಡು ದಿನದ ತರಬೇತಿ ಶಿಬಿರ, ಇಂಡಿಯ ಈ ಕಾಲೇಜಿನಲ್ಲೇ. ಏರ್ಪಾಡು ಎಲ್ಲ ಬಾಯಾರದು.

ಶಿಬಿರ ಅಂದರೆ ಏನು? ಒಂದು ಬ್ಯಾನರು. ಒಂದು ದೀಪ. ನಿವೃತ್ತ ಪ್ರಾಧ್ಯಾಪಕರೊಬ್ಬರು ಗುರುವಿನ ಹಿರಿಮೆಯ ಮೇಲೆ ಒಂದೂವರೆ ತಾಸು ಮಾತಾಡುವುದು, ಕೇಳುವವರು ತೂಕಡಿಸುವುದು. ಶಿರಾ, ಪೂರಿ, ಬಟಾಟಿ ಪಲ್ಯ. ಹಾಜರಿ ಪುಸ್ತಕಕ್ಕೆ ಸಹಿ, ಕೈಯಲ್ಲೊಂದು ರೆಕ್ಸಿನ್ ಬ್ಯಾಗು, ಒಂದು ಪ್ರಮಾಣಪತ್ರ. ಆ ಪ್ರಮಾಣಪತ್ರದಲ್ಲಿ ‘ಮೌಲ್ಯಮಾಪನದಲ್ಲಿ ಪರಿಣತಿ ಪಡೆದಿರುತ್ತಾರೆ’ ಅಂತ ಅಚ್ಚಾಗಿರುತ್ತಿತ್ತು. ಆರು ವರ್ಷ ಆಕೆ ಬ್ಯಾಗು ಹಂಚಿದಳು, ಪರಿಣತಿಯನ್ನೂ ಹಂಚಿದಳು. ಶಿಬಿರ ಹತ್ತಿರ ಬಂದರೆ ಸಿಂದಗಿಯ ಸಂಗಮೇಶ ಸರ್ ಫೋನ್ ಮಾಡುತ್ತಿದ್ದರು.

"ಬಾಯಾರ, ಈ ಸಲ ಬ್ಯಾಗಿನ ಝಿಪ್ ಗಟ್ಟಿ ಇರ್ಲಿ ರಿ. ಹ್ವಾದ ವರ್ಷದ್ದು ಬಸ್ಸು ಸಿಂದಗಿ ಮುಟ್ಟೂದ್ರಾಗ ಬಾಯಿ ಬಿಟ್ತು."

"ಬ್ಯಾಗಿನ್ಯಾಗ ಏನ ಹಾಕಿದ್ರಿ ಸರ್ರ?"

"ಉಳದ ಪೂರಿ ರಿ."

ಆಕೆ ನಗುತ್ತಿರಲಿಲ್ಲ. ಬೇರೆಯವರಿಗೆ ಗೊತ್ತಿಲ್ಲದ್ದು ಆಕೆಗೆ ಗೊತ್ತಿತ್ತು. ಫಲಿತಾಂಶ ಬಂದ ಮರುದಿನದಿಂದ ಅಳುವ ಹುಡುಗರು ಬಂದು ನಿಲ್ಲುವುದು ಆಕೆಯ ಕಿಟಕಿಯ ಮುಂದೆ. ಮರುಮೌಲ್ಯಮಾಪನದ ಅರ್ಜಿ ಬರೆದು ಕಳಿಸುವವಳು ಆಕೆ. ಒಂದೇ ಪತ್ರಿಕೆಗೆ ಒಬ್ಬರು ಹದಿನೆಂಟು ಕೊಟ್ಟಿದ್ದು, ಇನ್ನೊಬ್ಬರು ಐವತ್ತೊಂದು ಕೊಟ್ಟಿದ್ದು ಆಕೆ ಕಣ್ಣಾರೆ ನೋಡಿದ್ದಳು. ನೆಲ್ಲೋ ಜೋಳವೋ ಆಗಿದ್ದರೆ ಇಷ್ಟು ಫರಕು ಬಂದಾಗ ಮಾರುಕಟ್ಟೆಯಲ್ಲಿ ತಕ್ಕಡಿ ಮುರಿಯುತ್ತಿದ್ದರು. ಇಲ್ಲಿ ಯಾರೂ ಏನನ್ನೂ ಮುರಿಯಲಿಲ್ಲ, ಶಿರಾ ತಿಂದು ಬಸ್ಸು ಹತ್ತಿದರು.

2004ರ ಆಗಸ್ಟಿನಲ್ಲಿ ಸಾಲೋಟಗಿಯ ಭಾಗ್ಯಜ್ಯೋತಿ ಕಿಟಕಿಗೆ ಬಂದಳು. ಬಿ.ಎ. ಕೊನೆಯ ವರ್ಷ. ಐದು ಪತ್ರಿಕೆಯಲ್ಲಿ ಫಸ್ಟ್ ಕ್ಲಾಸು, ಅರ್ಥಶಾಸ್ತ್ರ ಒಂದರಲ್ಲಿ ಮೂವತ್ತೊಂದು. ಪಾಸಿಗೆ ಬೇಕಾದ್ದು ಮೂವತ್ತೈದು. ಮರುಮೌಲ್ಯಮಾಪನಕ್ಕೆ ಹಾಕಿದ್ದಳು, ಮೂವತ್ತೆರಡು ಆಗಿ ಬಂದಿತ್ತು.

"ಸಪ್ಲಿಮೆಂಟರಿ ಕಟ್ಟವ್ವ, ಅಕ್ಟೋಬರ್‌ಕ್ಕ ಪರೀಕ್ಷಾ ಐತಿ," ಎಂದಳು ಶಮ್ಶುನ್ನೀಸಾ.

"ಅದರ ರಿಸಲ್ಟು ಜನವರಿಗಿ ಬರ್ತೈತ್ರಿ ಬಾಯಾರ. ಬಿ.ಎಡ್. ಅರ್ಜಿಗೆ ಸಪ್ಟೆಂಬರ್ ಮೂವತ್ತು ಕಡೀ ದಿನ. ಮುಂದಿನ ವರ್ಷ ತಮ್ಮನ ಕಾಲೇಜು ಶುರು ಆಗ್ತೈತಿ, ಇಬ್ಬರದೂ ಕೂಡಿ ಆಗೂದಿಲ್ಲ ಅಂದಾರ ಅಪ್ಪ. ಈ ವರ್ಷ ತಪ್ಪಿದ್ರ ನಂದು ಮುಗೀತ್ರಿ."

ಹುಡುಗಿ ಅಳಲಿಲ್ಲ. ಅದೇ ಶಮ್ಶುನ್ನೀಸಾಳನ್ನು ಹಿಡಿದು ನಿಲ್ಲಿಸಿತು. ಶುಲ್ಕ ಕಟ್ಟಿದರೆ ಉತ್ತರ ಪತ್ರಿಕೆಯ ಝೆರಾಕ್ಸ್ ಕೊಡುವ ನಿಯಮ ಆಗ ಹೊಸದಾಗಿ ಬಂದಿತ್ತು. ಹುಡುಗಿ ಅದನ್ನು ತರಿಸಿಕೊಂಡಿದ್ದಳು. ಶಮ್ಶುನ್ನೀಸಾ ಬಾಗಿಲು ಮುಂದೆ ಮಾಡಿಕೊಂಡು ಅದನ್ನು ಮೊದಲಿನಿಂದ ಕೊನೆಯ ತನಕ ಓದಿದಳು.

ಏಳನೇ ಪ್ರಶ್ನೆ: ಕೃಷಿ ಮಾರುಕಟ್ಟೆಯ ದೋಷಗಳನ್ನು ವಿವರಿಸಿ. ಹತ್ತು ಅಂಕ. ಗೈಡುಗಳಲ್ಲಿ ಇದಕ್ಕೆ ಎಂಟು ತಲೆಬರಹ ಇರುತ್ತವೆ, ಹುಡುಗರು ಅವನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷಕರು ಎಂಟನ್ನು ಎಣಿಸಿ ಅಂಕ ಹಾಕುತ್ತಾರೆ. ಭಾಗ್ಯಜ್ಯೋತಿ ತಲೆಬರಹ ಹಾಕಿರಲಿಲ್ಲ. ಸಾಲೋಟಗಿಯ ಒಂದು ಲಿಂಬೆ ತೋಟದ ಕಾಯಿ ಇಂಡಿಗೆ ಬಂದು ಮಾರಾಟವಾಗುವ ತನಕದ ಕಥೆ ಬರೆದಿದ್ದಳು. ಚೀಲದ ಬಾಯಲ್ಲಿರುವ ಕಾಯಿ ನೋಡಿ ದರ ಕಟ್ಟುವುದು, ಆಮೇಲೆ ತಳದ ಕಾಯಿ ಸಣ್ಣದು ಅಂತ ಕಡಿತ ಮಾಡುವುದು; ಮಾಲು ಮರುದಿನಕ್ಕೆ ಕೆಡುತ್ತದೆ ಅಂತ ಗೊತ್ತಿದ್ದ ಖರೀದಿದಾರ ಸಂಜೆಯ ತನಕ ಸುಮ್ಮನೆ ಚಹಾ ಕುಡಿಯುತ್ತ ಕೂಡುವುದು. ವ್ಯಾಪಾರಿಗಳಿಗೆ ಓದಲು ಅಷ್ಟು ಹಿತವಾದ ಉತ್ತರವಲ್ಲ. ಆದರೆ ಅದರಲ್ಲಿ ಒಂದು ಸುಳ್ಳು ಹುಡುಕಿಕೊಡಿ ಅಂದರೆ ಇಂಡಿಯ ಯಾವ ವ್ಯಾಪಾರಿಯೂ ಕೊಡಲಾರ.

ಆ ಉತ್ತರದ ಪಕ್ಕದಲ್ಲಿ ಎರಡು ಅಂಕ ಇತ್ತು. ಅಲ್ಲಿ ಆರು ಬಿದ್ದಿದ್ದರೆ ಹುಡುಗಿ ಪಾಸು.

ಮರುಮೌಲ್ಯಮಾಪನ ಮಾಡಿದವರು ಯಾಕೆ ಕೊಡಲಿಲ್ಲ? ಯಾಕೆಂದರೆ ಪತ್ರಿಕೆ ಅವರ ಕೈಗೆ ಹೋದಾಗ ಮೊದಲಿನವರ ಕೆಂಪು ಶಾಯಿಯ ‘ಎರಡು’ ಅಲ್ಲೇ ಕೂತಿತ್ತು. ಅದನ್ನು ಮುಚ್ಚಿ ಕಳಿಸುವ ಪದ್ಧತಿ ಇರಲಿಲ್ಲ. ಮೊದಲಿನವರು ಹಿರಿಯರಾಗಿದ್ದರೆ ಎರಡನೆಯವರು ಒಂದು ಅಂಕ ಏರಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಮೊದಲಿನವರು ಯಾರು ಅಂತ ಬಾಯಾರಿಗೆ ಹುಡುಕಬೇಕಾಗಲಿಲ್ಲ. ಮೊದಲ ಪುಟದ ಕೆಳಗೆ, ಹಾವು ಹೆಡೆ ಎತ್ತಿದ ಹಾಗೆ ಬಾಲ ಮೇಲಕ್ಕೆ ಎಳೆದ ಸಹಿ ಇತ್ತು. ಆ ಸಹಿಯನ್ನು ಆಕೆ ಆರು ವರ್ಷದಿಂದ ಹಾಜರಿ ಪುಸ್ತಕದಲ್ಲಿ ನೋಡುತ್ತಿದ್ದಳು. ಮುದ್ದೇಬಿಹಾಳದ ಸಂಕರ್ಷಣ ಸರ್. ಇಪ್ಪತ್ತೆಂಟು ವರ್ಷದ ಸರ್ವಿಸು, ನಾಲ್ಕು ತಾಲೂಕಿನ ಅರ್ಥಶಾಸ್ತ್ರ ಪರೀಕ್ಷಾ ಮಂಡಳಿಯ ಅಧ್ಯಕ್ಷರು.

ನಿಯಮದಲ್ಲಿ ಒಂದೇ ಬಾಗಿಲು ಉಳಿದಿತ್ತು. ಮಂಡಳಿಯ ಅಧ್ಯಕ್ಷರು ‘ಈ ಪತ್ರಿಕೆಯನ್ನು ಮೂರನೆಯವರು ನೋಡಲಿ’ ಅಂತ ಒಂದು ಪತ್ರ ಕೊಟ್ಟರೆ ವಿಶ್ವವಿದ್ಯಾಲಯ ಹೊಸದಾಗಿ ತಿದ್ದಿಸುತ್ತದೆ. ಅಂದರೆ ಫೇಲ್ ಮಾಡಿದವರೇ, ‘ನಾನು ಮಾಡಿದ್ದು ಸರಿಯಿಲ್ಲ’ ಅಂತ ಬರೆದುಕೊಡಬೇಕು. ಬೀಗ ಹಾಕಿದವರ ಜೇಬಿನಲ್ಲೇ ಕೀಲಿ.

"ಸಪ್ಟೆಂಬರ್ ಏಳು, ಎಂಟಕ್ಕ ಶಿಬಿರ ಐತಿ. ಅವರು ಬರ್ತಾರ," ಎಂದಳು ಹುಡುಗಿಗೆ. "ನೀ ಮನೀಗಿ ಹೋಗು."

ಶಿಬಿರದ ಮೊದಲ ದಿನ ಎಂದಿನಂತೆಯೇ ನಡೆಯಿತು. ಹದಿನಾಲ್ಕು ಮಂದಿ ಪ್ರಾಧ್ಯಾಪಕರು. ದೀಪ ಹಚ್ಚಿದರು, ಗುರುವಿನ ಹಿರಿಮೆ ಮುಗಿಯಿತು. ಮಧ್ಯಾಹ್ನ, ವಿಶ್ವವಿದ್ಯಾಲಯ ಕಳಿಸಿದ ಪುಸ್ತಿಕೆಯ ಪ್ರಕಾರ ಒಂದು ಮಾದರಿ ಉತ್ತರವನ್ನು ಎಲ್ಲರೂ ತಿದ್ದಿ ಅಂಕ ಹಾಕಬೇಕಿತ್ತು. ಹಾಳೆ ಹಂಚಿದವಳು ಶಮ್ಶುನ್ನೀಸಾ. ಹಂಚಿ ಮೂಲೆಗೆ ನಿಂತು ನೋಡಿದಳು. ಹದಿಮೂರು ಪೆನ್ನು ಗಾಳಿಯಲ್ಲಿ ನಿಂತಿದ್ದವು. ಯಾರೂ ಬರೆಯುತ್ತಿರಲಿಲ್ಲ. ಎಲ್ಲರ ಕಿವಿ ಮೊದಲನೇ ಕುರ್ಚಿಯ ಕಡೆಗೆ.

ಸಂಕರ್ಷಣ ಸರ್ ಹಾಳೆ ದೂರ ಹಿಡಿದು, ಹತ್ತಿರ ಹಿಡಿದು, "ಐದ ಕೊಡಬಹುದರೀ ಇದಕ್ಕ," ಎಂದರು.

ಹದಿಮೂರು ಪೆನ್ನೂ ಐದು ಬರೆದವು. ಬಾಗೇವಾಡಿಯ ಚೇತನಕುಮಾರ ಎಂಬ ಹೊಸ ಹುಡುಗ ಮೊದಲೇ ಏಳು ಬರೆದುಬಿಟ್ಟಿದ್ದ. ಅದನ್ನು ಉಜ್ಜಿ ಉಜ್ಜಿ ಹಾಳೆ ತೂತು ಮಾಡಿ ಐದು ಮಾಡಿದ. "ನೋಡ್ರಿ, ನಮ್ಮಲ್ಲಿ ಎಷ್ಟು ಒಮ್ಮತ ಅದ!" ಎಂದು ಸಂಕರ್ಷಣ ಸರ್ ಹಿಗ್ಗಿದರು. ವರದಿಯಲ್ಲಿ ಹಾಗೇ ಬರೆಯಲು ಹೇಳಿದರು.

ಶಮ್ಶುನ್ನೀಸಾ ಸಂಜೆ ತವರಿಗೆ ಹೋಗಿ ಚಪ್ಪಲಿಯನ್ನು ಗೋಡೆಗೆ ಹಾರುವ ಹಾಗೆ ಬಿಟ್ಟಳು. ತಾಯಿ ಹಜರಾಬಿ ರೊಟ್ಟಿ ಬಡಿಯುವುದು ನಿಲ್ಲಿಸಿ ನೋಡಿದಳು. ತಂದೆ ಕುತುಬುದ್ದೀನ ಎಪ್ಪತ್ತೆರಡರ ಮುದುಕ. ಇಂಡಿ, ಸಿಂದಗಿ, ಚಡಚಣದ ದನದ ಸಂತೆಯಲ್ಲಿ ಐವತ್ತು ವರ್ಷ ದಲಾಲಿ ಮಾಡಿದವ. ಮಗಳು ಹೇಳಿದ್ದನ್ನೆಲ್ಲ ಕೇಳಿ ಕೆಮ್ಮು ಬರುವ ತನಕ ನಕ್ಕ.

"ಎಲ್ಲಾರ ಮುಂದ ಬಾಯಿ ಬಿಟ್ಟು ದರ ಹೇಳಂದ್ರ ಯಾಂವ ಬೇಟಿ ಖರೇ ಹೇಳ್ತಾನ? ಗೌಡ ಹೇಳಿದ್ದ ಎಲ್ಲಾರೂ ಹೇಳ್ತಾರ. ನಾವ್ಯಾಕ ಟಾವೆಲ್ಲಿನ ಕೆಳಗ ಕೈ ಹಾಕತೀವಿ ಅನ್ಕೊಂಡಿ, ಚಳಿಗೇನು?"

ದನದ ಸಂತೆಯಲ್ಲಿ ದರ ಬಾಯಿಂದ ಬರುವುದಿಲ್ಲ. ದಲಾಲ ತನ್ನ ಕೈಯ ಮೇಲೆ ಟಾವೆಲ್ಲು ಹಾಸುತ್ತಾನೆ, ಕೊಳ್ಳುವವ ಅದರೊಳಗೆ ಕೈ ಹಾಕಿ ಬೆರಳು ಹಿಡಿಯುತ್ತಾನೆ. ಮೂರು ಬೆರಳು ಹಿಡಿದರೆ ಮೂರು. ಐದೂ ಹಿಡಿದು ಮತ್ತೆ ಎರಡು ಒತ್ತಿದರೆ ಏಳು. ಸುತ್ತ ನೂರು ಮಂದಿ ನಿಂತಿದ್ದರೂ ಆ ದರ ಇಬ್ಬರಿಗೇ ಗೊತ್ತು.

ಶಮ್ಶುನ್ನೀಸಾ ತಂದೆಯ ಮುಖವನ್ನೇ ನೋಡಿದಳು. "ಅಬ್ಬಾ, ನಾಳೆ ಮಧ್ಯಾಹ್ನ ಏನರ ಕೆಲಸ ಐತೇನು ನಿಮಗ?"

ಮರುದಿನ ಮಧ್ಯಾಹ್ನ ಭಾಷಣ ಮಾಡಬೇಕಿದ್ದ ಇನ್ನೊಬ್ಬ ನಿವೃತ್ತರು ಬರಲಿಲ್ಲ. ಮೊಮ್ಮಗನ ತೊಟ್ಟಿಲ ಕಾರ್ಯಕ್ರಮ ಅಂತೆ. ಪ್ರಿನ್ಸಿಪಾಲ್ ಚನ್ನಬಸಯ್ಯನವರು ಒಳ್ಳೆಯ ಮನುಷ್ಯ, ಅಂದರೆ ಯಾವುದಕ್ಕೂ ಬೇಡ ಅನ್ನದವರು. ಎರಡು ತಾಸು ಹೇಗೆ ತುಂಬುವುದು ಅಂತ ತಲೆ ಕೆರೆದುಕೊಳ್ಳುತ್ತಿದ್ದರು.

"ಪುಸ್ತಿಕಾದಾಗ ಪ್ರಾತ್ಯಕ್ಷಿಕೆ ಅಂತ ಒಂದ ಐತ್ರಿ," ಎಂದಳು ಶಮ್ಶುನ್ನೀಸಾ. "ಅದನ್ನ ನಾ ಮಾಡಸ್ತೇನ್ರಿ."

"ಮಾಡಸ್ರಿ. ಆದ್ರ ನಾಕಕ್ಕ ಮುಗೀಬೇಕು, ಮುದ್ದೇಬಿಹಾಳ ಬಸ್ಸು ಹೋಗ್ತೈತಿ." ಅಷ್ಟು ಹೇಳಿ ಅವರು ಮಧ್ಯಾಹ್ನದ ನಿದ್ದೆಗೆ ಮನೆಗೆ ಹೋದರು.

ಆಕೆ ಏಳನೇ ಪ್ರಶ್ನೆಯ ಉತ್ತರವನ್ನಷ್ಟೇ ಹದಿನಾಲ್ಕು ಪ್ರತಿ ಝೆರಾಕ್ಸ್ ಮಾಡಿಸಿದ್ದಳು, ಅಂಕ ಇದ್ದ ಜಾಗಕ್ಕೆ ಬಿಳಿ ಚೀಟಿ ಅಂಟಿಸಿ. ಎಲ್ಲರೂ ಓದಲಿ ಅಂತ ಇಪ್ಪತ್ತು ನಿಮಿಷ ಬಿಟ್ಟಳು. ಆಮೇಲೆ ಸಿಪಾಯಿ ಬಾಬುಲಾಲ ಬಾಗಿಲು ತೆರೆದ. ಇಸ್ತ್ರಿ ಮಾಡಿದ ಬಿಳಿ ಧೋತರ, ಹೆಗಲ ಮೇಲೆ ಕೆಂಪಂಚಿನ ಟಾವೆಲ್ಲು, ಕುತುಬುದ್ದೀನ ಒಳಗೆ ಬಂದು ಎಲ್ಲರಿಗೂ ಸಲಾಮು ಮಾಡಿದ.

"ಇವರು ಯಾರ್ರೀ?" ಎಂದರು ಸಂಕರ್ಷಣ ಸರ್.

"ಇವತ್ತಿನ ಸಂಪನ್ಮೂಲ ವ್ಯಕ್ತಿ ರಿ."

"ಯಾವ ವಿಷಯದ್ದು?"

"ದರಾ ಕಟ್ಟೂದರದ್ದು ರಿ," ಎಂದ ಮುದುಕನೇ.

ನಗು ಎದ್ದಿತು. ಆಟ ಅಂದುಕೊಂಡರು. ತೂಕಡಿಕೆಗಿಂತ ಆಟ ವಾಸಿ ಅಂತ ಒಪ್ಪಿಕೊಂಡರು. ಯಾರೂ ಬಾಯಿ ಬಿಡಬಾರದು, ಹತ್ತಕ್ಕೆ ಎಷ್ಟು ಕೊಡುತ್ತೀರೋ ಬೆರಳಿನಲ್ಲಿ ಹೇಳಬೇಕು ಎಂದಳು ಶಮ್ಶುನ್ನೀಸಾ. ಮುದುಕ ಕುರ್ಚಿಯಿಂದ ಕುರ್ಚಿಗೆ ಹೋದ. ಟಾವೆಲ್ಲಿನ ಒಳಗೆ ಒಂದೊಂದು ಕೈ ಹೋಗಿ ಬಂತು.

"ಹಿಡೀರಿ ಸಾಹೇಬ್ರ, ನಾಚಬ್ಯಾಡ್ರಿ. ಎತ್ತಿನ ಹಲ್ಲ ಎಣಸೂವಾಗ ಇಷ್ಟ ನಾಚಿದ್ರ ಎತ್ತು ನಗತೈತಿ," ಎಂದ ಚೇತನಕುಮಾರನಿಗೆ. ಸಂಗಮೇಶ ಸರ್ ಮೂರು ಹಿಡಿದು, ಬಿಟ್ಟು, ನಾಲ್ಕು ಹಿಡಿದಾಗ, "ಒಂದ ದರಾ ಹೇಳ್ರಿ ಗುರುಗಳ, ಇದು ಹರಾಜಲ್ಲ," ಎಂದ.

ಹದಿನಾಲ್ಕೂ ಮುಗಿದ ಮೇಲೆ ಮುದುಕ ಹಲಗೆಯ ಹತ್ತಿರ ನಿಂತು, ಕುರ್ಚಿಯ ಕ್ರಮದಲ್ಲಿ, ಒಂದನ್ನೂ ಮರೆಯದೆ ಹೇಳಿದ. ಮಗಳು ಬರೆದಳು. ಎಂಟು. ಆರು. ಒಂಬತ್ತು. ಮೂರು. ಏಳು. ಎಂಟು. ನಾಲ್ಕು. ಒಂಬತ್ತು. ಐದು. ಎಂಟು. ಎರಡು. ಏಳು. ಆರು. ಒಂಬತ್ತು.

ನಿನ್ನೆಯ ಒಮ್ಮತ ಹಲಗೆಯ ಮೇಲೆ ಚೂರು ಚೂರಾಗಿ ಬಿದ್ದಿತ್ತು. ಒಂದೇ ಉತ್ತರ, ಒಂದೇ ವಿಷಯದ ಹದಿನಾಲ್ಕು ಪಂಡಿತರು, ಎಲ್ಲರ ಹತ್ತಿರವೂ ಪರಿಣತಿಯ ಪ್ರಮಾಣಪತ್ರ.

"ಹುಡುಗ್ರ ಹಣೇಬರಹಾ ಹಿಂಗ ನಡೀತೈತ್ರಿ ನೋಡ್ರಿ," ಎಂದಳು ಶಮ್ಶುನ್ನೀಸಾ. ದನಿ ನೆಲಕ್ಕಿಳಿದಿತ್ತು. "ಒಂಬತ್ತು ಕೊಟ್ಟವ್ರು ಮೂರು ಮಂದಿ ಅದೀರಿ. ಎರಡು ಕೊಟ್ಟವ್ರೂ ಇಲ್ಲೇ ಅದೀರಿ. ಯಾರ ತಪ್ಪು ಅನ್ನೂದಿಲ್ರಿ. ಯಾಕ ಅಂತ ಒಬ್ರಿಗೊಬ್ರು ಹೇಳ್ರಿ, ಇವತ್ತ ಒಂದ ತಾಸು ಮಾತಾಡ್ರಿ. ಆರು ವರ್ಷದಾಗ ಒಮ್ಮೆನೂ ಮಾತಾಡಿಲ್ರಿ."

ಮಾತಾಡಿದರು. ಇದು ಆ ಶಿಬಿರದ ಇತಿಹಾಸದಲ್ಲಿ ಆದ ಒಂದೇ ತರಬೇತಿ, ಹೆಚ್ಚೆಂದರೆ ಅರ್ಧ ತಾಸು ನಡೆಯಿತು. ತಲೆಬರಹ ಇಲ್ಲದಿದ್ದರೆ ಅಂಕ ಕೊಡಬೇಕೋ ಬೇಡವೋ ಅಂತ ಇಬ್ಬರು ಎದ್ದು ನಿಂತು ಜಗಳಾಡಿದರು. "ದೋಷ ಏನು ಅಂತ ಕೇಳೀವಿ, ಹುಡುಗಿ ದೋಷ ಹೇಳ್ಯಾಳ, ಮತ್ತೇನ ಬೇಕ್ರಿ?" ಎಂದ ಚೇತನಕುಮಾರ, ಮೊದಲ ಸಲ ಉಜ್ಜದೆ. ಸಂಕರ್ಷಣ ಸರ್ ಹುರುಪಿಗೆ ಬಂದರು. "ನಾ ಎಂಟು ಕೊಟ್ಟೀನಿ, ಮುಚ್ಚಿಡೂದೇನದ? ಹೊಲದಾಗಿನ ಅರ್ಥಶಾಸ್ತ್ರ ಇದು. ಇದಕ್ಕ ಪರೀಕ್ಷಾದಾಗ ಎಷ್ಟು ಬಿದ್ದದ ಬಾಯಾರ?"

"ಎರಡು ರಿ."

"ಎರಡು! ಯಾವ ಕತ್ತಿ ತಿದ್ದ್ಯದ ಇದನ್ನ?" ಎಂದು ಸಂಕರ್ಷಣ ಸರ್ ಜೋರಾಗಿ ನಕ್ಕರು.

ಮೊದಲನೇ ಪುಟವನ್ನು ಎಲ್ಲರ ಮುಂದೆ ತೋರಿಸುವುದು ಆಕೆಯ ಲೆಕ್ಕದಲ್ಲಿ ಇರಲಿಲ್ಲ. ಶಿಬಿರ ಮುಗಿದ ಮೇಲೆ ಅವರೊಬ್ಬರನ್ನೇ ಕರೆದು, ಮರ್ಯಾದೆಯಿಂದ ಪತ್ರ ಕೇಳುವುದು ಅಂತ ಇತ್ತು. ಆದರೆ ಆ ನಗು, ಹೊಟ್ಟೆ ಕುಣಿಸುವ ಆ ನಗು ಕೇಳಿ, ಕಿಟಕಿಯ ಮುಂದೆ ಅಳದೆ ನಿಂತಿದ್ದ ಹುಡುಗಿ ನೆನಪಾಗಿ, ಆಕೆಯ ಕೈ ತಾನೇ ಮುಂದಾಯಿತು. ಹಾಳೆಯನ್ನು ಅವರ ಮುಂದಿಟ್ಟಳು. ಪಕ್ಕದಲ್ಲಿದ್ದ ಚೇತನಕುಮಾರ ಬಗ್ಗಿ ಸಹಿ ನೋಡಿ, ಅವಸರದಿಂದ ಕಿಟಕಿಯ ಹೊರಗೆ ನೋಡತೊಡಗಿದ.

ಸಂಕರ್ಷಣ ಸರ್ ಹಾಳೆಯನ್ನು ಮಡಿಚಿದರು. ಇನ್ನೊಮ್ಮೆ ಮಡಿಚಿದರು. ಜೇಬಿಗೆ ಹಾಕಿಕೊಂಡರು.

"ಸರ್ರ, ಮೂರನೇದವರು ನೋಡ್ಲಿ ಅಂತ ಒಂದ ಪತ್ರಾ..."

"ಒಬ್ಬ ಕಾರಕೂನಿಕಿ ನನ್ನ ಪರೀಕ್ಷಾ ತಗೊಳ್ತಾಳೇನು?" ಎದ್ದು ನಿಂತರು. "ದನದ ದಲಾಲನ್ನ ಕರಸಿ ಪ್ರೊಫೆಸರ್‌ಗಳ ಕೈ ಹಿಡಸ್ತಾಳೇನು? ಏಯ್ ಬಾಬುಲಾಲ, ನನ್ನ ಬ್ಯಾಗ ತಾ!"

ಕುತುಬುದ್ದೀನ ಟಾವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. "ಸಾಹೇಬ್ರ, ನಿಮ್ಮ ಕೈ ಖರೇ ದರಾ ಹೇಳೇತಿ. ಅದಕ್ಯಾಕ ಸಿಟ್ಟಾಗ್ತೀರಿ?" ಎಂದ. ಹಿಂದಿನ ದಿನ ಐದು ಬರೆದ ಆ ಹದಿಮೂರು ಮಂದಿ ಮತ್ತೆ ಒಮ್ಮತಕ್ಕೆ ಬಂದು, ಸಾಲಾಗಿ ಬಸ್‌ಸ್ಟ್ಯಾಂಡಿನ ಹಾದಿ ಹಿಡಿದರು.

ಹತ್ತನೇ ತಾರೀಖಿಗೆ ದೂರು ಬಂತು, ಹದಿಮೂರಕ್ಕೆ ಮೆಮೋ. ಅಧಿಕಾರ ಮೀರಿ ನಡೆದಿರುವುದು, ಹೊರಗಿನವರನ್ನು ಕರೆಸಿರುವುದು, ಮಾನ್ಯ ಪ್ರಾಧ್ಯಾಪಕರಿಗೆ ಅವಮಾನ ಮಾಡಿರುವುದು. ಏಕೆ ಕ್ರಮ ಕೈಗೊಳ್ಳಬಾರದು? ಮೆಮೋ ಕೊಡುವಾಗ ಚನ್ನಬಸಯ್ಯನವರು ಆಕೆಯ ಮುಖ ನೋಡಲಿಲ್ಲ.

"ನೀವ ಮಾಡಸ್ರಿ ಅಂದಿದ್ರೆಲ್ರಿ ಸರ್ರ?"

"ಅಂದಿದ್ದೆವ್ವಾ. ಟಾವೆಲ್ಲಿಂದು ಅಂದಿರಲಿಲ್ಲಲಾ."

ಮೆಮೋ ಆಕೆಯನ್ನು ಕಾಡಲಿಲ್ಲ. ಕಾಡಿದ್ದು ತಾರೀಖು. ಭಾಗ್ಯಜ್ಯೋತಿಗೆ ಉಳಿದದ್ದು ಹದಿನೇಳು ದಿನ. ಶಮ್ಶುನ್ನೀಸಾ ಮುದ್ದೇಬಿಹಾಳಕ್ಕೆ ಮೂರು ಸಲ ಫೋನ್ ಮಾಡಿದಳು. ‘ಸರ್ ಪೂಜೆಗೆ ಕೂತಾರ’ ಅಂತ ಮೂರೂ ಸಲ ಉತ್ತರ ಬಂತು. ಇಪ್ಪತ್ಮೂರಕ್ಕೆ ರಜೆ ಹಾಕಿ ಬಸ್ಸು ಹತ್ತಿದಳು. ಇಂಡಿಯಿಂದ ಬಾಗೇವಾಡಿ, ಅಲ್ಲಿಂದ ಮುದ್ದೇಬಿಹಾಳ. ದಾರಿಯುದ್ದಕ್ಕೂ ಅನ್ನಬೇಕಾದ ಮಾತನ್ನು ಹಲ್ಲಿನಲ್ಲಿ ಅಗಿಯುತ್ತಲೇ ಹೋದಳು.

ಬಾಗಿಲು ತೆರೆದವರು ಸಂಕರ್ಷಣ ಸರ್ ಅವರ ಹೆಂಡತಿ ಸಾವಿತ್ರೀಬಾಯಿ. ಕೂಡಿಸಿ, ಚಹಾ ಕೊಟ್ಟು, "ಭಾಳ ಸಿಟ್ಟಿನ್ಯಾಗ ಇದ್ದಾರವ್ವಾ, ಹದಿನೈದ ದಿನದಿಂದ ಮಜ್ಜಿಗಿ ಅನ್ನಾನೂ ಸೇರವಲ್ಲದು" ಎಂದು ಪಿಸುಗುಟ್ಟಿ ಒಳಗೆ ಹೋದರು. ಸರ್ ಹೊರಬಂದು ಎದುರಿಗೆ ಕೂತರು. ಮನೆಯ ಧೋತರದಲ್ಲಿ ಅವರು ಶಿಬಿರಕ್ಕಿಂತ ಸಣ್ಣ ಕಂಡರು.

"ಎರಡು ಯಾಕ ಕೊಟ್ರಿ ಸರ್ರ?"

"ದಿನಕ್ಕ ನಲವತ್ತು ಪೇಪರ್ ನೋಡಬೇಕ್ರೀ. ತಲೆಬರಹಾ ಕಾಣಲಿಲ್ಲ, ಹಾಕಿ ಮುಂದ ಹೋದೆ."

"ಎಂಟು ಯಾಕ ಕೊಟ್ರಿ?"

"ಅವತ್ತ ಓದಿದೆ. ಮೊದಲ ಓದಿದ್ದಿಲ್ಲ." ಮತ್ತೆ ಸಿಟ್ಟು ತಂದುಕೊಂಡು, "ಇಪ್ಪತ್ತೆಂಟು ವರ್ಷ ಆತು. ಪೇಪರ್ ಹೆಂಗ ನೋಡಬೇಕು ಅಂತ ನನಗ ಒಬ್ಬರರ ಹೇಳಿಕೊಟ್ಟಾರೇನು? ಬಂಡಲ್ ಕೊಟ್ಟಾರ, ಕೆಂಪ ಪೆನ್ನ ಕೊಟ್ಟಾರ, ಮುಗೀತು!" ಎಂದರು.

"ಹೇಳಿಕೊಡಾಕ ಬಂದಾಕಿಗಿ ಮೆಮೋ ಕೊಡಿಸಿದ್ರೆಲ್ರಿ."

ಅದಕ್ಕೆ ಅವರು ಒಂದು ಸೌದಾ ಮುಂದಿಟ್ಟರು. ಪತ್ರ ಕೊಡುತ್ತೇನೆ. ಆದರೆ ಮೊದಲು ನೀವು ತಪ್ಪೊಪ್ಪಿಗೆ ಬರೆದುಕೊಡಬೇಕು. ಹದಿನಾಲ್ಕು ಮಂದಿಯ ಮುಂದೆ ಹೋದ ಮರ್ಯಾದೆ ಕಾಗದದ ಮೇಲಾದರೂ ವಾಪಸು ಬರಬೇಕು. ಅವರು ಹೇಳುತ್ತ ಹೋದರು, ಆಕೆ ಬರೆಯುತ್ತ ಹೋದಳು. ‘ನಾನು ಅಧಿಕಾರ ಮೀರಿ ವರ್ತಿಸಿದ್ದು ತಪ್ಪು.’ ಬರೆದಳು. ‘ಮಾನ್ಯರ ಮನಸ್ಸು ನೋಯಿಸಿದ್ದು ತಪ್ಪು.’ ಬರೆದಳು. ‘ಒಬ್ಬ ದನದ ದಲಾಲನನ್ನು ಕರೆಸಿದ್ದು...’

ಪೆನ್ನು ನಿಂತಿತು. "ಶ್ರೀ ಕುತುಬುದ್ದೀನ ಅಂತ ಬರೀತೇನ್ರಿ. ಇಲ್ಲಂದ್ರ ಇದನ್ನ ಇಲ್ಲೇ ಹರೀತೇನ್ರಿ."

‘ಶ್ರೀ ಕುತುಬುದ್ದೀನ’ ಅಂತಲೇ ಆಯಿತು. ಸಂಕರ್ಷಣ ಸರ್ ಅದನ್ನು ಎರಡು ಸಲ ಓದಿ ಪೆಟ್ಟಿಗೆಯಲ್ಲಿಟ್ಟರು. ಆಮೇಲೆ ಅದೇ ಮೇಜಿನ ಮೇಲೆ, ಅದೇ ಪೆನ್ನಿನಲ್ಲಿ, ತಮ್ಮ ಪತ್ರ ಬರೆದುಕೊಟ್ಟರು. ಶಮ್ಶುನ್ನೀಸಾ ಊರಿಗೆ ಬರಲಿಲ್ಲ. ಅಲ್ಲಿಂದಲೇ ಬಸ್ಸು ಹಿಡಿದು, ಮರುದಿನ ಬೆಳಿಗ್ಗೆ ವಿಶ್ವವಿದ್ಯಾಲಯದ ಬಾಗಿಲು ತೆರೆಯುವಾಗ ಮುಂದೆ ನಿಂತಿದ್ದಳು. ಪತ್ರ ಕೊಟ್ಟಳು. ಮೊದಲಿನ ಅಂಕಗಳನ್ನು ಮುಚ್ಚಿ ಕಳಿಸಬೇಕು ಅಂತ ಅಲ್ಲಿನ ಗುಮಾಸ್ತನ ಜೊತೆ ಅರ್ಧ ದಿನ ಜಗಳಾಡಿ, ತಾನೇ ಬಿಳಿ ಕಾಗದ ಅಂಟಿಸಿದಳು. ಮೂರನೆಯವರು ಕೊಟ್ಟದ್ದು ನಲವತ್ತೇಳು. ಇಪ್ಪತ್ತೊಂಬತ್ತಕ್ಕೆ ಹೊಸ ಅಂಕಪಟ್ಟಿ ಬಂತು, ಮೂವತ್ತರ ಮಧ್ಯಾಹ್ನ ಭಾಗ್ಯಜ್ಯೋತಿ ಅರ್ಜಿ ಹಾಕಿದಳು. ಸೀಟು ಸಿಕ್ಕಿತು.

ತಪ್ಪೊಪ್ಪಿಗೆ ಸಂಕರ್ಷಣ ಸರ್ ಪೆಟ್ಟಿಗೆಯಲ್ಲಿ ಕೂಡಲಿಲ್ಲ. ಅಕ್ಟೋಬರಿನಲ್ಲಿ ಕಾಲೇಜಿನ ಆಡಳಿತ ಮಂಡಳಿಯ ಸಭೆಗೆ ಬಂತು. ಏಳು ಮಂದಿ ನಿರ್ದೇಶಕರು: ಇಬ್ಬರು ವಕೀಲರು, ಒಬ್ಬ ಡಾಕ್ಟರು, ಮೂವರು ಜಮೀನುದಾರರು, ಒಬ್ಬ ವ್ಯಾಪಾರಿ. ಶಮ್ಶುನ್ನೀಸಾಳನ್ನು ಒಳಗೆ ಕರೆದರು, ಕುರ್ಚಿ ಕೊಡಲಿಲ್ಲ.

"ಇದು ನಿಮ್ಮ ಕೈಬರಹಾ ಹೌದಲ್ಲೊ?" ಎಂದರು ಅಧ್ಯಕ್ಷರು.

"ಹೌದ್ರಿ."

"ತಪ್ಪ ಆಗೇತಿ ಅಂತ ನೀವ ಬರದೀರಿ?"

"ಬರದೇನ್ರಿ. ಅದ ದಿನ, ಅದ ಮೇಜಿನ ಮ್ಯಾಲ ಇನ್ನೊಂದ ಪತ್ರಾನೂ ಬರದಾರ್ರಿ. ಅದನ್ನೂ ತರಸಿ ಬಾಜೂಕ ಇಟ್ಟು ಓದ್ರಿ."

"ಅದು ಇಲ್ಲಿ ವಿಷಯ ಅಲ್ಲ," ಎಂದರು ಒಬ್ಬ ವಕೀಲರು.

ಕಡತದಲ್ಲಿ ಆ ಲಿಂಬೆಯ ಉತ್ತರದ ಪ್ರತಿಯೂ ಇತ್ತು. ಏಳು ಮಂದಿಯಲ್ಲಿ ಒಬ್ಬ ಅದನ್ನು ಪೂರ್ತಿ ಓದಿದ. ಎರಡು ಪತ್ರಕ್ಕೂ ಏನು ಸಂಬಂಧ ಅಂತಲೂ ಅವನಿಗೆ ಹೊಳೆಯಿತು. ಒಂದು ಕೊಟ್ಟು ಒಂದು ತರುವುದು ಅವನ ದಿನದ ಕೆಲಸ. ಬಾಯಿ ಬಿಟ್ಟು ಒಂದು ಮಾತು ಅನ್ನಬಹುದಿತ್ತು. ಅಧ್ಯಕ್ಷರು ಪೆನ್ನು ಎತ್ತಿದರು, ಉಳಿದವರೂ ಎತ್ತಿದರು, ಅವನೂ ಎತ್ತಿದ. ಠರಾವು ಪಾಸಾಯಿತು: ಶಮ್ಶುನ್ನೀಸಾ ಬಾಯಿಯವರನ್ನು ಪರೀಕ್ಷಾ ವಿಭಾಗದಿಂದ ತೆಗೆದು ಗ್ರಂಥಾಲಯದ ಹಳೆ ಪುಸ್ತಕದ ಕೋಣೆಗೆ ಹಾಕಲಾಗಿದೆ.

ಆಕೆ ಅಲ್ಲಿ ನಿವೃತ್ತಿಯ ತನಕ ಹನ್ನೆರಡು ವರ್ಷ ಕೂತಳು. ಶಿಬಿರ ಪ್ರತಿ ವರ್ಷ ನಡೆಯಿತು. ಉತ್ತರ ಪತ್ರಿಕೆಯನ್ನು ಮತ್ತೆ ಯಾರ ಕೈಗೂ ಕೊಡಲಿಲ್ಲ, ಹಾಗಾಗಿ ಭಿನ್ನಾಭಿಪ್ರಾಯವೂ ಬರಲಿಲ್ಲ. ಕಿಟಕಿಯ ಮುಂದೆ ಹುಡುಗರು ಅಳುವುದು ಮಾತ್ರ ನಿಲ್ಲಲಿಲ್ಲ. ಹೊಸದಾಗಿ ಬಂದ ಕ್ಲಾರ್ಕು ಅರ್ಜಿ ತೆಗೆದುಕೊಂಡು ಕಿಟಕಿ ಮುಚ್ಚುವುದು ಕಲಿತ.

ಆ ಠರಾವಿಗೆ ಬಿದ್ದ ಏಳು ಸಹಿಯಲ್ಲಿ ಐದನೆಯದು ಆ ವ್ಯಾಪಾರಿಯದು, ಅಂದರೆ ನನ್ನದು. ಶಮ್ಶುನ್ನೀಸಾ ಬಾಯಾರ ಮುಂದೆ ನಿಂತು ನಾನು ಕ್ಷಮೆ ಕೇಳಬೇಕಾಗಿದೆ. ಇನ್ನೂ ಕೇಳಿಲ್ಲ.